ಹೊಗೆಯಲ್ಲಿ ಹತ್ತಿದವಳು

ಎಲ್ಲದಕ್ಕೂ ಕಾರಣ ಅನುರಾಧಾಳ ಕೆಮ್ಮು. ಇಳಕಲ್ಲಿನ ದೊಡ್ಡ ರಸ್ತೆಯನ್ನು ಚರಂಡಿ ಕೆಲಸಕ್ಕೆಂದು ಅರ್ಧ ಅಗೆದು ಬಿಟ್ಟಿದ್ದರು. ಉಳಿದರ್ಧದಲ್ಲಿ ಗ್ರಾನೈಟ್ ಲಾರಿ, ಟಂಟಂ ಆಟೋ, ಬಸ್ಸುಗಳು ಒಂದರ ಬಾಲ ಒಂದು ಮೂಸುತ್ತ ನಿಂತು ಹೊಗೆ ಉಗುಳುತ್ತಿದ್ದವು. ಹೊತ್ತೇರಿದ್ದರೂ ಸೂರ್ಯ ಹಳೆಯ ಹಂಚಿನ ಹಾಗೆ ಕಂದಾಗಿದ್ದ.

ಸೀರೆ ಅಂಗಡಿಯ ಪ್ರಭು ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹುನಗುಂದಕ್ಕೆ, ನಾದಿನಿಯ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದ. ಮುಂದಿನ ಲಾರಿ ಗುರ್ರೆಂದಾಗ ಮಸಿಯ ಮೋಡವೊಂದು ಇಬ್ಬರನ್ನೂ ನುಂಗಿತು. ಅನುರಾಧಾ ಕೆಮ್ಮಿ ಕೆಮ್ಮಿ ಕೆಳಗಿಳಿದಳು. ಏನೋ ಹೇಳಿದಳು, ಹಾರ್ನಿನ ಗದ್ದಲದಲ್ಲಿ ಪ್ರಭುವಿಗೆ ಕೇಳಿಸಿದ್ದು ‘ನಿಲ್ಲರಿ’ ಎಂಬುದೊಂದೇ. ನಿಂತ. ಅವನ ಮೂಗು ಅವನಿಗೇ ಕಾಣದಂಥ ಹೊಗೆ. ಸ್ವಲ್ಪ ಹೊತ್ತಿಗೆ ಹಿಂದಿನ ಸೀಟು ತಗ್ಗಿತು, ಹೆಗಲ ಮೇಲೆ ಕೈ ಬಿತ್ತು. ಹಾದಿ ಬಿಟ್ಟಿತು. ಹೊರಟ.

ಊರು ದಾಟಿದ ಮೇಲೆ ಮಾತಿಗೆ ಶುರುವಿಟ್ಟ. ಹೋದ ಸಲ ಅತ್ತೆ ತನ್ನ ಹೋಳಿಗೆಗೆ ತುಪ್ಪ ಹಾಕುವುದನ್ನೇ ಮರೆತದ್ದನ್ನು ಎತ್ತಿ ಆಡಿದ. ತವರಿನ ಮಾತೆಂದರೆ ಒಗ್ಗರಣೆಯ ಸಾಸಿವೆಯಂತೆ ಸಿಡಿಯುವವಳು ತುಟಿ ಬಿಚ್ಚಲಿಲ್ಲ. ಮೊದಮೊದಲು ಪ್ರಭುವಿಗೆ ಹಬ್ಬವೆನಿಸಿತು. ಬರಬರುತ್ತ ಎದೆ ಅಳುಕತೊಡಗಿತು. ಅವಳು ಕೆಮ್ಮುತ್ತಲೂ ಇರಲಿಲ್ಲ. ಬಿಸಿಲು ಚುರುಗುಟ್ಟುತ್ತಿದ್ದರೂ ಹೆಗಲ ಮೇಲಿನ ಕೈ ನೀರಿನ ಗಡಿಗೆಯಂತೆ ತಣ್ಣಗಿತ್ತು. ಮಸಿ ಹಿಡಿದ ಕನ್ನಡಿಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ. ಮುಖಕ್ಕೆ ಸುತ್ತಿದ ಹಸಿರು ಓಢಣಿ, ಕಪ್ಪು ಕನ್ನಡಕ. ಅನುರಾಧಾ ಹಾಕಿಕೊಂಡದ್ದೂ ಅವೇ. ಆದರೆ ಹೊಗೆಗೆ ಹೆದರಿ ಆ ರಸ್ತೆಯ ಹೆಂಗಸರೆಲ್ಲ ಹಾಗೇ ಓಡಾಡುತ್ತಿದ್ದರು.

ದಾರಿಯಲ್ಲಿ ಹುಸೇನಪೀರನ ಚಹಾದಂಗಡಿ ಸಿಕ್ಕಿತು. ಪ್ರಭು ಬೈಕ್ ನಿಲ್ಲಿಸಿದ. ಅವಳು ಇಳಿಯಲಿಲ್ಲವೆಂದು ತಾನೂ ಇಳಿಯಲಿಲ್ಲ. ಹುಸೇನಪೀರ ಎರಡು ಕಪ್ ಚಹಾ ತಂದ. ಅವಳು ಕೈ ಚಾಚಲಿಲ್ಲ. ಅಷ್ಟರಲ್ಲಿ ಪ್ರಭುವಿನ ಕಿಸೆಯಲ್ಲಿ ಫೋನು ಬಡಿದುಕೊಂಡಿತು.

“ನನ್ನ ಹೊಗಿಯೊಳಗ ಬಿಟ್ಟು ಎಲ್ಲಿ ಹೋಗೀರಿ?” ಎಂದಿತು ಅನುರಾಧಾಳ ದನಿ. ಹಿಂದೆಯೇ ಅವಳ ಕೆಮ್ಮು.

ಚಹಾ ಪ್ರಭುವಿನ ಚಪ್ಪಲಿಯ ಮೇಲೆ ಸುರಿಯಿತು. ಹೆಗಲ ಮೇಲಿನ ಕೈ ಹಾಗೇ ಇತ್ತು.

ಅವನು ತೊದಲಿದ್ದನ್ನು ಕೇಳಿ ಅನುರಾಧಾ ಮನಸಾರೆ ಬೈದಳು. ಆಮೇಲೆ ಸಂಗತಿ ಬಿಡಿಸಿ ಹೇಳಿದಳು. ನವೀದ ಎಂಬ ಹುಡುಗನೂ ಅಲ್ಲೇ ಹೆಂಡತಿ ಮುಬಶೀರಾಳನ್ನು ಹುಡುಕುತ್ತಿದ್ದಾನೆ; ಅವಳದೂ ಹಸಿರು ಓಢಣಿಯೇ. ನೀವು ಹತ್ತಿಸಿಕೊಂಡು ಹೋದದ್ದು ಅವಳನ್ನೇ ಎಂದಳು.

ಪ್ರಭುವಿಗೆ ಹೋದ ಜೀವ ಬಂತು. “ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ, ಹೊಗಿಯೊಳಗ ಅದಲುಬದಲಾಗೇತಿ. ನಿಮ್ಮ ಯಜಮಾನ್ರ ಕಡೆ ಬಿಡ್ತೇನಿ” ಎಂದ. ಓಢಣಿ ಮೆಲ್ಲಗೆ ತಲೆಯಾಡಿಸಿತು.

“ಸುಮ್ಮ ಕೂಡೋ ಹೆಣ್ಮಗಳು ಸಿಕ್ಕಾಳ, ತಿರುಗಿ ಯಾಕ ಒಯ್ತೀರಿ?” ಎಂದ ಹುಸೇನಪೀರ. ಅಂಗಡಿಯಲ್ಲಿ ಕೂತವರೆಲ್ಲರಿಗಿಂತ ಜೋರಾಗಿ ನಕ್ಕವನು ಪ್ರಭು.

ವಾಪಸು ದಾರಿಯುದ್ದಕ್ಕೂ ಅವಳಿಗೆ ತನ್ನ ಸಂಸಾರದ ಕತೆಯನ್ನೆಲ್ಲ ಹೇಳಿಕೊಂಡ, ನಗುನಗುತ್ತ. ಒಮ್ಮೆ ಅವಳೂ ನಕ್ಕಂತಾಯಿತು. ದೂರದಲ್ಲಿ ಯಾವುದೋ ಸೈಲೆನ್ಸರ್ ಗೊರಗೊರ ಎಂದ ಹಾಗೆ.

ಇಳಕಲ್ಲಿನಲ್ಲಿ ಗಾಡಿಗಳು ಇನ್ನೂ ಹಾಗೇ ನಿಂತಿದ್ದವು. ರಸ್ತೆಬದಿಯಲ್ಲಿ ಕಣ್ಣು ಕೆಂಪಾದ ಅನುರಾಧಾ. ಪಕ್ಕದಲ್ಲಿ ನವೀದ. ಅವನ ಪಕ್ಕದಲ್ಲಿ ಹಸಿರು ಓಢಣಿ ಕೆಳಗೆಳೆದುಕೊಂಡು ಕಬ್ಬಿನ ಹಾಲು ಕುಡಿಯುತ್ತಿರುವ ಹೆಂಗಸು.

“ಈಕಿ ಮಾಸ್ಕ್ ತರಾಕ ಔಷಧ ಅಂಗಡಿಗೆ ಹೋಗಿದ್ಳಂತ್ರಿ ಅಣ್ಣಾರ. ಈಗಷ್ಟ ಸಿಕ್ಕಳು” ಎಂದ ನವೀದ.

ಪ್ರಭು ಹಿಂದೆ ಹೊರಳಬೇಕೆನ್ನುವಾಗ ಬಸ್ಸೊಂದು ಮುಂದಕ್ಕೆ ಜಗ್ಗಿ ಹೊಗೆ ಕವಿಯಿತು. ಹೊಗೆ ತಿಳಿಯಾದಾಗ ಸೀಟು ಖಾಲಿ. ಅವನ ಬಿಳಿ ಅಂಗಿಯ ಹೆಗಲ ಮೇಲೆ ಮಸಿಯ ಐದು ಬೆರಳು.

“ಆಕಿ ಯಾರು?” ಎಂದಳು ಅನುರಾಧಾ. ದನಿ ಏರಿಸಲಿಲ್ಲ.

ನಿಂತ ಮಂದಿಯೆಲ್ಲ ನೆರವಿಗೆ ಬಂದರು. ಇಬ್ಬರೂ ನಗುತ್ತ ಬಂದದ್ದನ್ನು ಕಂಡೆನೆಂದ ಒಬ್ಬ. ಮೈಗೆ ಮೈ ತಾಗಿ ಕೂತಿದ್ದರೆಂದ ಇನ್ನೊಬ್ಬ. ಕಬ್ಬಿನ ಹಾಲಿನವನಂತೂ ಅವಳು ಹೊಕ್ಕ ಓಣಿಯನ್ನೇ ತೋರಿಸಿದ. ಹೊಗೆಯಲ್ಲಿ ಹತ್ತಿದಳು, ಹೊಗೆಯಲ್ಲೇ ಹೋದಳು ಎಂದು ಪ್ರಭು ಆಣೆ ಮಾಡಿದ.

“ಹೊಗಿಗೆ ಬೆರಳು ಇರ್ತಾವೇನು?” ಎಂದವಳೇ ಅನುರಾಧಾ ತುಂಬಿದ ಟಂಟಂ ಒಂದರ ಹಿಂಬದಿಗೆ ಹತ್ತಿ ಕೂತಳು.

ಹಾದಿ ಬಿಟ್ಟ ಮೇಲೆ ಪ್ರಭು ಬೈಕಿನಲ್ಲಿ ಬೆನ್ನು ಹತ್ತಿ ಬೇಡಿಕೊಂಡ. ಟಂಟಂ ಏರು ಹತ್ತುತ್ತ ಅವನ ಮುಖಕ್ಕೆ ಕರಿ ಹೊಗೆ ಬಿಟ್ಟಿತು. ಅವನು ಅದನ್ನು ಸೀಳಿ ಹೊರಬಂದಾಗ ಟಂಟಂನವರೆಲ್ಲ ಮಾತು ನಿಲ್ಲಿಸಿ ನೋಡುತ್ತಿದ್ದರು, ಅವನನ್ನಲ್ಲ, ಅವನ ಬೆನ್ನ ಹಿಂದೆ. ಅನುರಾಧಾ ಒಮ್ಮೆ ನೋಡಿ ಮುಖ ತಿರುಗಿಸಿದಳು.

ಪ್ರಭು ಹಿಂತಿರುಗಿ ನೋಡಲಿಲ್ಲ. ಸೀಟು ತಗ್ಗಿದ್ದು ಅವನಿಗೆ ತಿಳಿದಿತ್ತು.