ಎಡಗದದ ಗೀರುಗಳು

ತಾನು ಮಾಡಿದ ಕೆಲಸವನ್ನು ಕೈಯಿಂದ ಸವರಿ ನೋಡಿ ತಾನೇ ಮೆಚ್ಚಿಕೊಳ್ಳುವುದು ಅಪಾಯದ ಅಭ್ಯಾಸ. ಕೈ ನಮ್ಮದೇ ಆದ್ದರಿಂದ ಅದು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಸವದತ್ತಿಯಲ್ಲಿ ಮನೆ ಕಟ್ಟಿಸಿದಾಗ ನನಗೆ ಇದು ತಿಳಿದಿರಲಿಲ್ಲ. ಮುಂಬಾಗಿಲು ಸಾಗವಾನಿಯದು, ಎರಡು ಕದದ್ದು. ಬಡಿಗರು ಅದನ್ನು ಕೂಡಿಸಿಕೊಟ್ಟು ಬೈಲಹೊಂಗಲದಲ್ಲಿ ಬೇರೆ ಕೆಲಸ ಹಿಡಿದು ಹೋದರು. ಗೃಹಪ್ರವೇಶ ಹತ್ತಿರ ಬಂದಿತ್ತು. ತಿಕ್ಕಿ ಪಾಲಿಶ್ ಮಾಡುವುದೇನು ಮಹಾ ಎಂದು ನಾನೂ ಹೆಂಡತಿ ಶಾಂತಾಳೂ ಒಂದೊಂದು ಕದ ಹಂಚಿಕೊಂಡೆವು. ಎಡಗಡೆಯದು ನನ್ನ ಪಾಲಿಗೆ ಬಂತು.

ಶಾಂತಾ ಕಟ್ಟಿಗೆಯ ಎಳೆ ಹೋದ ಕಡೆಗೇ ಪಾಲಿಶ್ ಪೇಪರ್ ಎಳೆಯುತ್ತಿದ್ದಳು. ದೊರಗಿನದು ಮುಗಿದ ಮೇಲೆ ನಯವಾದದ್ದನ್ನು ಹಿಡಿದಳು. ನಾನು ಬೇಗ ಆಗಲೆಂದು ದೊರಗಿನದರಲ್ಲೇ, ಪಾತ್ರೆ ತಿಕ್ಕುವವರಂತೆ ದುಂಡಗೆ ತಿಕ್ಕಿದೆ. ಪಾತ್ರೆ ತಿಕ್ಕುವುದನ್ನು ನಾನು ದೂರದಿಂದ ಮಾತ್ರ ಬಲ್ಲೆ. ಅವಳಿಗಿಂತ ಮೊದಲೇ ಮುಗಿಸಿ, ಕೈಯಾಡಿಸಿ, ಬೆಣ್ಣೆಯಂತಾಗಿದೆ ಎಂದು ಸಾರಿದೆ. ಒಣ ಕಟ್ಟಿಗೆಯ ಮೇಲೆ ನಿಜಕ್ಕೂ ಏನೂ ಕಾಣಲಿಲ್ಲ.

ಒಳಮೈಗೆ ಬರೀ ಅಗಸೆ ಎಣ್ಣೆ ಉಜ್ಜಿದೆವು. ಅದಕ್ಕೆ ಹೊಳಪು ಕಡಿಮೆ. ನಾನು ದುಂಡಗೆ ತಿಕ್ಕಿದ್ದರಿಂದ ಬಿದ್ದಿದ್ದ ಗೀರುಗಳು ಕಣ್ಣಿಗೆ ಬೀಳದೆ ಇದ್ದಲ್ಲೇ ಸುಮ್ಮನೆ ಮಲಗಿದವು. ಹೊರಮೈಗೆ ಗಾಢ ಕಂದು ಬಣ್ಣ ಹಚ್ಚಿ ವಾರ್ನಿಶ್ ಕೊಡಬೇಕೆಂಬುದು ನನ್ನದೇ ಹಟ. ಬಣ್ಣ ಒಂದೊಂದು ಗೀರಿನೊಳಗೂ ಇಳಿದು ಕಪ್ಪಗೆ ಕೂತಿತು. ವಾರ್ನಿಶ್ ಮುಚ್ಚೀತು ಎಂದುಕೊಂಡರೆ, ಅದು ಹೊಳೆದು ಇನ್ನಷ್ಟು ತೋರಿಸಿತು. ಸಂಜೆಯ ಓರೆಬಿಸಿಲಿನಲ್ಲಿ ನನ್ನ ಕದದ ಮೇಲೆ ಬೆಕ್ಕುಗಳು ಜಗಳಾಡಿದಂತಿತ್ತು. ದಪ್ಪಗೆ ಆಯಿಲ್ ಪೇಂಟ್ ಬಳಿದರೆ ಎಲ್ಲ ಅಡಗುತ್ತದೆ ಎಂದೆ. ಹಾಗಿದ್ದರೆ ಸಾಗವಾನಿ ಯಾಕೆ, ತಗಡಿನ ಬಾಗಿಲೇ ಸಾಕಿತ್ತಲ್ಲ ಎಂದಳು ಶಾಂತಾ. ಮತ್ತೆ ತಿಕ್ಕಲು ಹೊತ್ತಿರಲಿಲ್ಲ.

ಗೃಹಪ್ರವೇಶದ ದಿನ ನಾನು ಎಡಗದಕ್ಕೆ ಬೆನ್ನು ಹಚ್ಚಿ ನಿಂತೇ ಬಂದವರನ್ನೆಲ್ಲ ಸ್ವಾಗತಿಸಿದೆ. ಬಾಗಿಲು ಬಿಟ್ಟು ಕದಲದ ನನ್ನ ವಿನಯವನ್ನು ಹಲವರು ಹೊಗಳಿದರು. ರಾಮದುರ್ಗದಿಂದ ಬಂದ ನನ್ನ ಅಕ್ಕ ಮಾತ್ರ ಪಕ್ಕಕ್ಕೆ ಸರಿ ಎಂದಳು. ನನ್ನನ್ನು ಸಾಕಿ ಬೆಳೆಸಿದವಳು ಅವಳೇ. ಮದುವೆಯಾಗಿ ಎಷ್ಟೋ ವರ್ಷವಾದರೂ ಅವಳ ಲೆಕ್ಕದಲ್ಲಿ ಶಾಂತಾ ಇನ್ನೂ ಪರೀಕ್ಷೆಗೆ ಕೂತ ಸೊಸೆ. ಬಂದಾಗಲೆಲ್ಲ ಏನಾದರೊಂದು ತಪ್ಪು ಹುಡುಕುತ್ತಿದ್ದಳು. ಅಕ್ಕ ಎರಡೂ ಕದಗಳನ್ನು ಬಗ್ಗಿ, ಓರೆಯಾಗಿ, ನಿಧಾನಕ್ಕೆ ನೋಡಿ, ಇವನ್ನು ಯಾರು ತಿಕ್ಕಿದ್ದು ಎಂದು ಕೇಳಿದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಶಾಂತಾ, "ಎರಡೂ ನಾನ ತಿಕ್ಕೇನ್ರಿ, ಅಕ್ಕಾರ" ಎಂದಳು.

ಅಕ್ಕ ಇನ್ನೊಮ್ಮೆ ಎಡಗದವನ್ನು ನೋಡಿದಳು, ಆಮೇಲೆ ನನ್ನನ್ನು.

"ಹಂಗಾದ್ರ ಈ ಕದಾ ತಿಕ್ಕೂವಾಗ ನನ್ನ ತಮ್ಮ ಬಾಜೂಕ ನಿಂತು, ಹೆಂಗ ತಿಕ್ಕಬೇಕಂತ ನಿನಗ ಹೇಳಿಕೊಟ್ಟಿರಬೇಕು ಬಿಡವಾ" ಎಂದು ಶಾಂತಾಳ ಕೈ ಹಿಡಿದು ಒಳಗೆ ನಡೆದಳು.

ಅಡುಗೆಮನೆಯಿಂದ ಇಬ್ಬರೂ ನಗುವುದು ಕೇಳಿಸಿತು. ಅಕ್ಕ ಶಾಂತಾಳ ಜೊತೆ ನಕ್ಕದ್ದು ಅದೇ ಮೊದಲು. ಆ ಕದವನ್ನು ಮತ್ತೆ ತಿಕ್ಕುವ ಮಾತನ್ನು ನಾನು ಎತ್ತಲಿಲ್ಲ. ನನ್ನ ಕೈಯಿಂದಾದ ಕೆಲಸಗಳಲ್ಲಿ ಮನೆಗೆ ಇಷ್ಟು ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ.