ಅಕ್ಷರಾನುಕ್ರಮದಲ್ಲಿ ಇಪ್ಪತ್ತೇಳು ಮದುವೆ

ಒಂದು ಪಟ್ಟಿ ತಯಾರಿಸುವುದರಲ್ಲಿ ಏನಿದೆ ಮಹಾ? ಹೀಗೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ನ್ಯಾಮತಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ಎಂಟು ಭಾನುವಾರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಅಲ್ಲಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೊಸದಾಗಿ ಬಂದಿದ್ದ ಕಂಪ್ಯೂಟರ್ ಕಲಿತು ಬಂದಿದ್ದೆ. ಕಲಿತು ಎಂದರೆ, ಅದನ್ನು ಹಾಕುವುದು ಮತ್ತು ಆರಿಸುವುದು ಎರಡೂ ಬರುತ್ತಿತ್ತು!

ಅದೇ ವರ್ಷ ನಮ್ಮ ಶಾಲೆಯ ಮೈದಾನದಲ್ಲಿ ಸಾಮೂಹಿಕ ವಿವಾಹ ಗೊತ್ತಾಯಿತು. ಇಪ್ಪತ್ತೇಳು ಜೋಡಿ. ಅದರಲ್ಲಿ ಒಂದು ಜೋಡಿ ನಮ್ಮದೇ: ನನ್ನ ಹೆಂಡತಿ ಸರೋಜಳ ತಂಗಿ ಗಿರಿಜಾ, ಮತ್ತು ಜಗಳೂರು ಕಡೆಯ ಹುಡುಗ ತಿಪ್ಪೇಸ್ವಾಮಿ. ಹುಡುಗನನ್ನು ಹುಡುಕಿದವನು ನಾನು. ಇಬ್ಬರಿಗೂ ಒಪ್ಪಿಗೆಯಾಗಿತ್ತು. ಕೆರೆಬಿಳಚಿಯ ನಮ್ಮ ಮಾವ ಚನ್ನಬಸಪ್ಪನವರಿಗೆ ಮಾತ್ರ ಸಾಮೂಹಿಕ ವಿವಾಹ ಎಂದರೆ ಆಗದು. ಮೂರು ಸಲ ಹೋಗಿ ಕೈಮುಗಿದ ಮೇಲೆ ಒಪ್ಪಿದರು.

"ಆಗ್ಲಿ ಅಳಿಯಂದ್ರೆ, ನಿಮ್ಮ ಮಾತಿಗೆ ಬಂದೀನಿ. ಆದ್ರೆ ಒಂದು ಹೆಚ್ಚುಕಮ್ಮಿ ಆದ್ರೂ ಹಸೆಮಣೆ ಮ್ಯಾಲಿಂದ ಮಗಳನ್ನ ಎಬ್ಬಿಸ್ಕೊಂಡು ಬಸ್ ಹತ್ತಿಬಿಡ್ತೀನಿ."

ಮಾವ ಹೇಳಿದ್ದನ್ನು ಮಾಡುವ ಮನುಷ್ಯ.

ಸಮಿತಿಯ ಅಧ್ಯಕ್ಷರು ಕಿರಾಣಿ ಅಂಗಡಿ ರುದ್ರಪ್ಪನವರು. ವಧೂವರರ ಪಟ್ಟಿಯನ್ನು ಯಾರು ಬರೆಯಬೇಕು ಎಂದು ಅವರು ಸಭೆಯಲ್ಲಿ ಕೇಳಿದ್ದೇ ತಡ, ನಾನು ಎದ್ದು ನಿಂತೆ.

"ಬರೆಯುವುದೇಕೆ? ಕಂಪ್ಯೂಟರಿನಲ್ಲೇ ತೆಗೆಸುತ್ತೇನೆ!"

ಸಭೆಯಲ್ಲಿ ಚಪ್ಪಾಳೆ ಬಿತ್ತು. ಆ ಚಪ್ಪಾಳೆಯೇ ನನ್ನನ್ನು ಹಾಳು ಮಾಡಿದ್ದು.

ಆಗಿನ ಕಂಪ್ಯೂಟರಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ಹಸಿರು ಗೆರೆಯೊಂದು ಮಿಣುಕುತ್ತ ನಮ್ಮ ಅಪ್ಪಣೆಗೆ ಕಾಯುತ್ತಿತ್ತು. ಒಂದು ಸಾಲು ಟೈಪ್ ಮಾಡಿ, ಪಟ್ಟಿ ಹೇಗೆ ಬರಬೇಕೆಂದು ಅದರ ಕೊನೆಗೆ ಒಂದೊಂದೇ ಇಂಗ್ಲಿಷ್ ಅಕ್ಷರ ಸೇರಿಸಬೇಕು. ತಲೆಬರಹಕ್ಕೆ ಒಂದು ಅಕ್ಷರ, ಅಕ್ಷರಾನುಕ್ರಮಕ್ಕೆ ಇನ್ನೊಂದು, ಕಾಲಮ್ಮಿನ ಅಗಲಕ್ಕೆ ಮತ್ತೊಂದು, ಎರಡು ಪಟ್ಟಿಗಳನ್ನು ಅಕ್ಕಪಕ್ಕ ಅಚ್ಚು ಹಾಕಲು ಮಗದೊಂದು. ನನಗೋ ಒಂದನ್ನೂ ಬಿಡಲು ಮನಸ್ಸಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಜೋಡಿಗಳು ಒಂದರ ಕೆಳಗೊಂದು ಸರಿಯಾಗಿಯೇ ಇದ್ದವು. ಅದನ್ನು ನೋಡಿಕೊಂಡು ಗಂಡುಗಳದೊಂದು ಪಟ್ಟಿ, ಹೆಣ್ಣುಗಳದೊಂದು ಪಟ್ಟಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಎರಡೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರಲಿ ಎಂದೆ. ಜಾಗ ಉಳಿಯಲಿ ಎಂದು ತಲೆಬರಹ ತೆಗೆದೆ, ಒಂದು ಹೆಸರಿಗೆ ಎಂಟು ಅಕ್ಷರ ಸಾಕೆಂದೆ. ನೋಡಲು ಅಚ್ಚುಕಟ್ಟಾಗಿರಲಿ ಎಂದು ಎರಡಕ್ಕೂ ಅಕ್ಷರಾನುಕ್ರಮ ಹಾಕಿ, ಸಾಲಾಗಿ ನಂಬರ್ ಕೊಟ್ಟೆ.

ಕಲಿಸುತ್ತಿದ್ದ ಶೈಲಾ ಮೇಡಂ ಹಿಂದಿನಿಂದ ಹೇಳಿದರು. "ಸರ್, ಮೊದಲು ಪರದೆ ಮೇಲೆ ನೋಡ್ಕೊಳ್ಳಿ. ಆಮೇಲೆ ಪ್ರಿಂಟರಿಗೆ ಕಳಿಸಿ."

"ಮೇಡಂ, ನಾನು ಗಣಿತದ ಮೇಷ್ಟ್ರು!" ಎಂದು ಗುಂಡಿ ಒತ್ತಿಯೇಬಿಟ್ಟೆ.

ಪ್ರಿಂಟರ್ ಕಿರ್ರೋ ಎಂದು ಕಿರುಚಿತು. ಅದು ಎಚ್ಚರಿಕೆಯೆಂದು ನನಗೆ ತಿಳಿಯಲಿಲ್ಲ.

ಮನೆಗೆ ತಂದು ತೋರಿಸಿದೆ. ಸರೋಜ ಹಾಳೆಯನ್ನು ಒಂದು ಸಲ ನೋಡಿ, "ಏನ್ರೀ, ನೋಟ್‌ಬುಕ್ ತರ್ರಿ, ಒಂದು ಸಲ ತಾಳೆ ನೋಡಾಣ" ಎಂದಳು.

"ಕಂಪ್ಯೂಟರ್ ಕೊಟ್ಟಿದ್ದನ್ನು ತಾಳೆ ನೋಡುವುದೇ? ಯಾರಾದರೂ ಕೇಳಿದರೆ ನಕ್ಕಾರು!"

ಮದುವೆಯ ದಿನ ಬೆಳಿಗ್ಗೆ ನಾನು ನಿಂತಲ್ಲಿ ನಿಲ್ಲಲಿಲ್ಲ. ಗಂಡುಗಳು ಶಾಲೆಯ ಕೊಠಡಿಯಲ್ಲಿ, ಹೆಣ್ಣುಗಳು ಪಕ್ಕದ ದೇವಸ್ಥಾನದಲ್ಲಿ. ಎರಡೂ ಕಡೆ ಪಟ್ಟಿ ಬೇಕಲ್ಲ? ಕತ್ತರಿ ತೆಗೆದುಕೊಂಡು ಹಾಳೆಯನ್ನು ಮೇಲಿಂದ ಕೆಳಕ್ಕೆ ಸರಿಯಾಗಿ ಎರಡು ಸೀಳು ಮಾಡಿದೆ. ಒಂದನ್ನು ದೇವಸ್ಥಾನಕ್ಕೆ, ಇನ್ನೊಂದನ್ನು ಶಾಲೆಗೆ ಕಳಿಸಿದೆ. ಐದೇ ನಿಮಿಷಕ್ಕೆ ದೇವಸ್ಥಾನದ ಸೀಳು ವಾಪಸ್ ಬಂತು.

"ಮೇಷ್ಟ್ರೇ, ಇದ್ರಾಗೆ ನಮ್ಮ ಹುಡುಗೇರು ಒಬ್ಬರೂ ಇಲ್ರೀ! ಬರೀ ಗಂಡಸರೇ ಅದಾರೆ!"

ತಲೆಬರಹವಿಲ್ಲದ್ದರಿಂದ ಸೀಳು ಅದಲು ಬದಲಾಗಿತ್ತು. ಓಡಿ ಹೋಗಿ ಬದಲಾಯಿಸಿದೆ. ಅಷ್ಟರಲ್ಲಿ ಶಾಲೆಯ ಕಡೆಯಿಂದ ಕೂಗು ಬಂತು. ಹನುಮಂತಪ್ಪ, ಹನುಮಂತರಾಯ, ಹನುಮಂತಯ್ಯ ಮೂವರೂ ಎಂಟು ಇಂಗ್ಲಿಷ್ ಅಕ್ಷರಕ್ಕೆ ಕತ್ತರಿಸಿಹೋಗಿ ಒಂದೇ ಹೆಸರಿನವರಾಗಿದ್ದರು. ಮೂವರೂ ಒಂಬತ್ತನೇ ನಂಬರ್ ತನ್ನದೇ ಎಂದು ಹಿಡಿದುಕೊಂಡು ನಿಂತಿದ್ದರು. ವಯಸ್ಸಿನ ಪ್ರಕಾರ ಒಂಬತ್ತು, ಹತ್ತು, ಹನ್ನೊಂದು ಎಂದು ತೀರ್ಪು ಕೊಟ್ಟೆ. ಎಂಥ ನ್ಯಾಯ ಎಂದು ನನಗೇ ಹೆಮ್ಮೆಯಾಯಿತು.

ಎಲ್ಲರೂ ನಂಬರಿನ ಪ್ರಕಾರ ಕುಳಿತರು. ಈ ಕಡೆ ಇಪ್ಪತ್ತೇಳು ವಧುಗಳು, ಆ ಕಡೆ ಇಪ್ಪತ್ತೇಳು ವರರು, ನಡುವೆ ಉದ್ದಕ್ಕೂ ಒಂದೇ ಬಿಳಿಯ ಅಂತರಪಟ. ವಾಲಗ ಜೋರಾಯಿತು. ಪುರೋಹಿತರು ಕೈಯೆತ್ತಿದರು. ಅಂತರಪಟ ಸರಿಯಿತು.

ವಾಲಗ ನಿಂತಿತು.

"ಅವ್ವಾ, ಇವರಲ್ಲ!" ಎಂದು ಒಂದನೇ ನಂಬರಿನ ಹುಡುಗಿ ಚೀರಿದಳು. "ಇವರಲ್ಲ! ಇವರಲ್ಲ!" ಎಂದು ಸಾಲಿನುದ್ದಕ್ಕೂ ಅದೇ ಕೂಗು ಹರಿಯಿತು. ನಾಲ್ಕನೇ ನಂಬರಿನ ವರನೊಬ್ಬ ಮಾತ್ರ ಎದುರಿನ ಹುಡುಗಿಯನ್ನು ನೋಡುತ್ತ ಸಮಾಧಾನವಾಗಿ ಕುಳಿತಿದ್ದ. ಎಬ್ಬಿಸಲು ಹೋದರೆ, "ಕಂಪ್ಯೂಟರ್‌ನಾಗೆ ಬಂದೈತಲ್ರೀ, ಇರ್ಲಿ ಬಿಡ್ರಿ" ಎಂದ!

ಆಗ ನನ್ನ ತಲೆಗೆ ಹೊಳೆಯಿತು. ಗಂಡುಗಳು ತಮ್ಮ ಅಕ್ಷರದ ಪ್ರಕಾರ ಸಾಲಾಗಿದ್ದರು, ಹೆಣ್ಣುಗಳು ತಮ್ಮ ಅಕ್ಷರದ ಪ್ರಕಾರ. ಯಾರು ಯಾರ ಜೋಡಿ ಎಂಬ ಸಣ್ಣ ವಿಷಯವನ್ನು ನಾನು ಕಂಪ್ಯೂಟರಿಗೆ ಹೇಳಿರಲೇ ಇಲ್ಲ. ಅದೂ ಕೇಳಿರಲಿಲ್ಲ.

ಗಿರಿಜಾ ಏಳನೇ ನಂಬರಿನಲ್ಲಿದ್ದಳು. ಅವಳೆದುರು ಮೀಸೆ ಹೊತ್ತ ಗುರುಸಿದ್ದಪ್ಪನೆಂಬ ಅಪರಿಚಿತ. ತಿಪ್ಪೇಸ್ವಾಮಿ ಎಲ್ಲೋ ದೂರದ ಇಪ್ಪತ್ತೈದನೇ ನಂಬರಿನಲ್ಲಿ ವಿಶಾಲಾಕ್ಷಿಯೆಂಬುವಳ ಎದುರು ಬೆವರುತ್ತಿದ್ದ. ಮಾವ ಎದ್ದು ಬಂದರು. ಮಗಳ ಕೈ ಹಿಡಿದರು.

"ಏಳವ್ವ. ಹನ್ನೆರಡು ಗಂಟಿಗೆ ಚನ್ನಗಿರಿ ಬಸ್ ಐತೆ."

"ಮಾವಾರೆ, ಇದು ತಾಂತ್ರಿಕ ದೋಷ..."

"ಅಳಿಯಂದ್ರೆ, ನೀವು ದೋಷ ಅನ್ರಿ, ಏನರ ಅನ್ರಿ. ಇವ್ನು ಮಾತ್ರ ನಮ್ಮ ಹುಡುಗ ಅಲ್ಲ."

ಗಿರಿಜಾಳ ಕಣ್ಣಲ್ಲಿ ನೀರು ತುಂಬಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಿಜವಾಗಿ ಹೇಳುತ್ತೇನೆ, ಆ ಹುಡುಗಿಯ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ರುದ್ರಪ್ಪನವರು "ಮುಹೂರ್ತ ಹೊಂಟೋತು, ಮೇಷ್ಟ್ರೇ! ಸರಿ ಲಿಸ್ಟ್ ಎಲ್ಲೈತೆ?" ಎಂದು ಪಂಚೆ ಎತ್ತಿ ಕಟ್ಟಿ ಬಂದರು. ಸರಿಯಾದ ಪಟ್ಟಿ ಇದ್ದ ನೋಟ್‌ಬುಕ್ಕನ್ನು, ಇನ್ನು ಇದರ ಕೆಲಸವೇನೆಂದು, ನಾನು ಶಿವಮೊಗ್ಗದಲ್ಲೇ ಬಿಟ್ಟು ಬಂದಿದ್ದೆ!

ಸರೋಜ ವೇದಿಕೆ ಹತ್ತಿದಳು. ಮೈಕು ಕಿತ್ತುಕೊಂಡಳು.

"ಗಂಡುಗಳೆಲ್ಲ ಎದ್ದು ನಿಲ್ರಿ! ಯಾರ್ಯಾರು ನಿಶ್ಚಯದಾಗೆ ಯಾವ ಹುಡುಗೀನ ಒಪ್ಪಿದ್ರೋ, ಅವಳ ಎದ್ರಿಗೆ ಹೋಗಿ ಕುಂದ್ರಿ! ಲಗೂನ!"

ಇಪ್ಪತ್ತೇಳು ಪೇಟಗಳು ಒಂದೇ ಸಲ ಎದ್ದವು. ನಾಲ್ಕನೇ ನಂಬರಿನವನನ್ನು ಅವನ ಅವ್ವನೇ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಎಲ್ಲರಿಗಿಂತ ಮುಂದೆ ತಿಪ್ಪೇಸ್ವಾಮಿ. ಪೇಟ ಒಂದು ಕಡೆ, ಬಾಸಿಂಗ ಒಂದು ಕಡೆ, ಹದಿನೆಂಟು ಹಸೆಮಣೆ ದಾಟಿ ಓಡಿ ಬಂದು ಮಾವನ ದಾರಿಗೆ ಅಡ್ಡ ನಿಂತ. ಉಸಿರು ಹತ್ತಿ ಮಾತೇ ಹೊರಡದು.

"ಮಾವಾರೆ... ನಾನು... ಇಲ್ಲಿದೀನ್ರೀ... ಕರ್ಕೊಂಡು ಹೋಗಬ್ಯಾಡ್ರೀ..."

ಗಿರಿಜಾ ಅಪ್ಪನ ಕೈ ಬಿಡಿಸಿಕೊಂಡು, ಯಾರ ಅಪ್ಪಣೆಗೂ ಕಾಯದೆ ಹಸೆಮಣೆಯ ಮೇಲೆ ಹೋಗಿ ಕುಳಿತಳು. ಮಾವ ಅಳಿಯನಾಗುವವನ ಪೇಟ ನೆಟ್ಟಗೆ ಮಾಡಿದರು.

"ಓಡಿ ಬಂದಾನೆ. ಸಾಕು, ಕಟ್ಟಲಿ ತಾಳಿ" ಎಂದರು.

ಎರಡು ನಿಮಿಷ. ಹೆಚ್ಚೆಂದರೆ ಎರಡೂವರೆ. ನಾನು ಎಂಟು ಭಾನುವಾರ ಕಲಿತು ಮಾಡಿದ ಕೆಲಸವನ್ನು ಇಪ್ಪತ್ತೇಳು ಜನ ಅಷ್ಟರಲ್ಲಿ ಸರಿಪಡಿಸಿಕೊಂಡಿದ್ದರು. ಯಾರಿಗೂ ಪಟ್ಟಿಯೇ ಬೇಕಿರಲಿಲ್ಲ.

ಮರುವರ್ಷದ ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದೆ. ರುದ್ರಪ್ಪನವರು ದೊಡ್ಡ ಮನುಷ್ಯರು, ನನ್ನನ್ನು ಬಿಡಲಿಲ್ಲ. "ಮೇಷ್ಟ್ರಿಗೂ ಒಂದು ಜವಾಬ್ದಾರಿ ಕೊಡಾಣ" ಎಂದು ಚಪ್ಪರದ ಬಾಗಿಲಲ್ಲಿ ಚಪ್ಪಲಿ ನೋಡಿಕೊಳ್ಳುವ ಕೆಲಸ ವಹಿಸಿದರು. ನಾನು ಪಟ್ಟಿ ಮಾಡಲಿಲ್ಲ, ಅಕ್ಷರಾನುಕ್ರಮ ಹಾಕಲಿಲ್ಲ, ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತಲ್ಲೇ ನಿಂತು ಕಾದೆ.

ಅಲ್ಲೂ ಒಂದೇ ಒಂದು ಜೋಡಿ ತಪ್ಪಿತು. ನನ್ನದು!