ಕಾಕಾನ ಗಾಳದ ಕೋಲು ಮತ್ತು ನನ್ನ ಮದುವೆ

ನಮ್ಮ ಕಾಕಾ ಜೀವಮಾನದಲ್ಲಿ ಒಂದು ಮೀನೂ ಹಿಡಿಯಲಿಲ್ಲ. ಆದರೆ ಅವನ ಗಾಳದ ಕೋಲು ನನ್ನನ್ನು ನೋಡಲು ಬಂದ ಎರಡು ವರಗಳನ್ನು ಹೊಸ್ತಿಲ ಆಚೆಗೆ ಎತ್ತಿ ಒಗೆಯಿತು! ಅಪ್ಪನ ತಮ್ಮ, ಹಿರಿಯ, ‘ಅವರು’ ಎನ್ನಬೇಕು, ಗೊತ್ತು. ಎನ್ನುವುದಿಲ್ಲ. ಸಿಟ್ಟು ಇಳಿದ ಮೇಲೆ ಅಂದೇನು.

ಕಾಕಾ ಹರೆಯದಲ್ಲಿ ಬಿಳಿ ಸಾಹೇಬನೊಬ್ಬನ ಕೈಕೆಳಗೆ ಭೂಮಿ ಅಳೆಯುವ ಸರಪಳಿ ಹಿಡಿಯುತ್ತಿದ್ದ. ಸಾಹೇಬ ವಿಲಾಯತಿಗೆ ಹೊರಟಾಗ ಆಳುಗಳಿಗೆ ಕುರ್ಚಿ, ಕಂದೀಲು, ಪಿಂಗಾಣಿ ಬಟ್ಟಲು ಹಂಚಿದ. ನಮ್ಮವನು ಕೇಳಿ ಪಡೆದದ್ದು ಏನು? ಗಾಳದ ಕೋಲು! ರೋಣದಲ್ಲಿ ಗಾಳದ ಕೋಲು! ಕಣ್ಣು ಹಾಯಿಸಿದಷ್ಟು ದೂರ ಎರಿಹೊಲ, ಹತ್ತಿ, ಜೋಳ. ಹೊಳೆ ನೋಡಬೇಕೆಂದರೆ ಹೊಳೆಆಲೂರಿಗೆ ಹೋಗಬೇಕು. ಮೇಲಾಗಿ ನಮ್ಮದು ಲಿಂಗ ಕಟ್ಟಿದವರ ಮನೆ. ಮೀನಿನ ಹೆಸರು ಎತ್ತಿದರೂ ಅವ್ವ ಬಾಯಿ ಮುಕ್ಕಳಿಸಿ ಬಾ ಎನ್ನುತ್ತಿದ್ದಳು.

ಅವನಿಗೂ ಮೀನು ಬೇಕಿರಲಿಲ್ಲ ಅನ್ನಿ. ಗಾಳವನ್ನು ಮೊದಲ ದಿನವೇ ಕಿತ್ತು ಬಿಸಾಕಿ, ದಾರದ ತುದಿಗೆ ಚೂರು ಹತ್ತಿ ಕಟ್ಟಿದ್ದ. ದಿನಾ ಸಂಜೆ ಕಣದ ನಡುವೆ ತಂಬಿಗೆ ಇಟ್ಟು, ದೂರ ನಿಂತು, ಕೋಲು ಬೀಸಿ ಆ ಹತ್ತಿಯನ್ನು ತಂಬಿಗೆಯೊಳಗೆ ಇಳಿಸುತ್ತಿದ್ದ. ಅವನಿಗೆ ಬೇಕಾದದ್ದು ಕೋಲಿನ ಬಾಗು ಒಂದೇ. ಬಿದಿರನ್ನು ಆರು ಸೀಳು ಮಾಡಿ, ಒಂದೊಂದನ್ನೂ ಮೂರು ಮೂಲೆ ಬರುವಂತೆ ಕೆತ್ತಿ, ಆರನ್ನೂ ಅಂಟಿಸಿ ಮಾಡಿದ ಕೋಲಂತೆ ಅದು. ಬುಡ ಹೆಬ್ಬೆರಳಿನಷ್ಟು, ತುದಿ ಪೊರಕೆ ಕಡ್ಡಿಯಷ್ಟು. ನಡುವೆ ಎಲ್ಲಿ ಎಷ್ಟು ಸಣ್ಣಗಾಗಬೇಕು ಎನ್ನುವುದರಲ್ಲಿ ಅದರ ಜೀವವಂತೆ.

“ನೋಡವ್ವಾ, ಬಾಗೂದು ತುದಿಯಿಂದ ಸುರು ಆಗಬೇಕು. ಹಂಗ ಇಳಕೋಂತ ಇಳಕೋಂತ ಕೈತನಕಾ ಬರಬೇಕು. ಬುಡ ಮಾತ್ರ ಅಳ್ಳಾಡಬಾರದು.”

“ಕಾಕಾ, ನನಗ ಮಜ್ಜಿಗಿ ಕಡಿಯೂದೈತಿ.”

“ಕಡಿ. ಆದರ ಆ ಕಡಗೋಲು ಭಾಳ ಖೊಟ್ಟಿ ಐತಿ. ಬುಡಾನೂ ಅಷ್ಟ, ತುದೀನೂ ಅಷ್ಟ!”

ಊರಲ್ಲಿ ಅವನು ಅಲುಗಾಡಿಸಿ ನೋಡದ ಕೋಲು ಉಳಿದಿರಲಿಲ್ಲ. ಸಾಲಿ ಮಾಸ್ತರರ ಛಡಿಯನ್ನೇ ಕಸಿದು ಎರಡು ಸಲ ಬೀಸಿ, “ಇದರಿಂದ ಹೊಡದ್ರ ಹುಡುಗರಿಗೆ ಲೆಕ್ಕ ಬರೂದಿಲ್ರಿ, ತುದಿ ಸತ್ತೈತಿ” ಎಂದು ಹುಡುಗರೆದುರೇ ತೀರ್ಪು ಕೊಟ್ಟ.

ಇರಲಿ, ಅದು ಮಾಸ್ತರರ ಪಾಡು. ನನ್ನ ಪಾಡು ಕೇಳಿ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು, ನನಗೆ ಮದುವೆಯ ವಯಸ್ಸು ಮೀರುತ್ತಿದೆ ಎಂದು ಅವ್ವ ದಿನಕ್ಕೆರಡು ಸಲ ಅಳುತ್ತಿದ್ದಳು. ನರಗುಂದದವರು ಬಂದರು. ಪಡಸಾಲೆಯ ಗೋಡೆಯಲ್ಲಿ ಎರಡು ಗೂಟಗಳ ಮೇಲೆ ಆ ಕೋಲು ಮಲಗಿತ್ತು. ಅವರ ಹಿರಿಯರು ತಲೆ ಎತ್ತಿದರು.

“ಇದೇನ್ರಿ ಇದು?”

“ಏನಿಲ್ರಿ, ಜ್ಯಾಡರ ಬಲಿ ತೆಗಿಯೂ ಕೋಲು,” ಎಂದ ಅಪ್ಪ. ಪಾಪ, ಹೆಣ್ಣು ಹೆತ್ತವನು!

ಒಳಗಿನಿಂದ ಕಾಕಾ ಹಾರಿ ಬಂದ. “ಯಾವನಂವ ಜ್ಯಾಡ ಅಂದಂವ? ಖಾಸ ವಿಲಾಯತಿ ಗಾಳದ ಕೋಲ್ರಿ ಇದು!”

ಹಿರಿಯರು ಅವಲಕ್ಕಿ ತಟ್ಟೆ ಕೆಳಗಿಟ್ಟರು. “ಕೊಳ್ಳಾಗ ಲಿಂಗ, ಗ್ವಾಡಿ ಮ್ಯಾಲ ಗಾಳ! ಚಲೋ ಆತು ಬಿಡ್ರಿ,” ಎಂದವರೇ ಬಸ್ಸಿಗೆ ನಡೆದರು.

ಅಂದೇ ಕೋಲು ಅಟ್ಟ ಸೇರಿತು. ಇನ್ನೇನು ಭಯ ಎಂದುಕೊಂಡೆವು. ಜಕ್ಕಲಿಯ ವರ ಬಂದ. ಕೋಲಿಲ್ಲದಿದ್ದರೇನು, ಕೋಲಿನ ಯಜಮಾನ ಇದ್ದನಲ್ಲ! ಹುಡುಗನ ಎದುರು ಕುಳಿತು ಕೇಳಿದ:

“ನಿಮ್ಮ ಎತ್ತು ಹೊಲದಾಗ ಕುಂತುಬಿಟ್ರ ಏನ ಮಾಡ್ತಿ?”

“ಹೊಡೀತೇನಿ.”

“ಆದರೂ ಏಳಲಿಲ್ಲಂದ್ರ?”

“ಮತ್ತಷ್ಟು ಹೊಡೀತೇನಿ.”

ಕಾಕಾ ಎಲ್ಲರ ಮುಂದೆಯೇ ಅಪ್ಪನ ಕಡೆ ತಿರುಗಿದ. “ಬ್ಯಾಡಣ್ಣಾ. ತುದಿಯಿಂದ ಬುಡದತನಕಾ ಒಂದ ಬಿರುಸು. ಇಂವಾ ಬಾಗಾಂವಲ್ಲ. ಒಂದಿನ ಮುರೀತಾನ, ಇಲ್ಲಾ ನಮ್ಮ ಹುಡುಗೀನ್ನ ಮುರೀತಾನ.”

ಅವರು ಹೋದ ಮೇಲೆ ನಾನು ಊದುಗೊಳವೆ ತೆಗೆದು ಅವನ ಮೇಲೆ ಒಗೆದೆ. ಹಿಡಿದುಕೊಂಡ. ಹಿಡಿದವನು ಸುಮ್ಮನಿದ್ದನೇ? ಅದನ್ನೂ ಬಾಗಿಸಿ ನೋಡಿದ!

ಆಮೇಲೆ ಗಜೇಂದ್ರಗಡದವರು ಬಂದರು. ನಾನು ಬಾಗಿಲ ಹಿಂದೆ ಹಲ್ಲು ಕಡಿಯುತ್ತಾ ನಿಂತಿದ್ದೆ. ಮತ್ತೆ ಅದೇ ಎತ್ತು, ಅದೇ ಪ್ರಶ್ನೆ!

“ಮೊದಲ ನೊಗ ಬಿಚ್ಚತೇನ್ರಿ, ನೀರು ಕುಡಸತೇನಿ,” ಎಂದ ಹುಡುಗ.

“ಆದರೂ ಏಳಲಿಲ್ಲಂದ್ರ?”

“ನಾನೂ ಬಾಜೂಕ ಕುಂದ್ರತೇನ್ರಿ.”

“ಏಳದ ಎತ್ತು ಯಾಕ ಬೇಕೋ, ಮಾರಿಬಿಡು ಅಂದ್ರ?”

“ಅದೊಂದು ಮಾತ್ರ ಆಗೂದಿಲ್ರಿ.”

ಕಣದಲ್ಲಿ ಹತ್ತಿ ಸರಿಯಾಗಿ ತಂಬಿಗೆಗೆ ಇಳಿದಾಗ ಕಾಕಾನ ಮುಖ ಹೇಗಾಗುತ್ತಿತ್ತೋ ಹಾಗಾಗಿತ್ತು. ಅಷ್ಟರಲ್ಲಿ ಹುಡುಗನ ತಂದೆ ಕೆಮ್ಮಿದರು. “ಹುಡುಗಿ ಪಸಂದ ಐತ್ರಿ. ಆದರ ನರಗುಂದದವರು ಎಲ್ಲಾ ಹೇಳ್ಯಾರ. ಆ ಕೋಲು ಈ ಮನ್ಯಾಗ ಇರೂತನಕಾ ನಿಮ್ಮ ಮನಿ ನೀರು ನಾವು ಮುಟ್ಟೂದಿಲ್ಲ.”

ಅದನ್ನು ಎಂದೋ ಒಗೆದೆವು ಎಂದು ಸುಳ್ಳು ಹೇಳಲು ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಕಾಕಾ ಅಟ್ಟ ಹತ್ತಿದ್ದ. ಕೋಲು ತಂದು ಮೊಣಕಾಲಿಗೆ ಒತ್ತಿ ಮುರಿಯಲು ನೋಡಿದ. ಅದು ಮುರಿಯಬೇಕಲ್ಲ! ಬಾಗಿತು, ಇನ್ನೂ ಬಾಗಿತು, ಕೈ ಸಡಿಲಿಸಿದಾಗ ಮೊದಲಿನಂತೆ ನೆಟ್ಟಗಾಯಿತು. “ಗರಗಸ ತಾರವ್ವಾ,” ಎಂದ. ನಾನು ಅಲುಗಲಿಲ್ಲ. ಅವನೇ ಹೋಗಿ ತಂದ.

“ಬ್ಯಾಡ್ರಿ, ಬ್ಯಾಡ್ರಿ,” ಎಂದು ಹುಡುಗ ಎದ್ದು ಬಂದ.

“ಬಾ, ಈ ತುದಿ ಹಿಡಿ. ಅಳ್ಳಾಡಬಾರದು,” ಎಂದ ಕಾಕಾ. ಎಲ್ಲರ ಎದುರು ಅದನ್ನು ತುಂಡು ತುಂಡಾಗಿ ಕೊಯ್ದ. ಹುಡುಗನ ತಂದೆ ನೀರು ಕೇಳಿ ಕುಡಿದರು.

ಅವರು ಹೋದ ಮೇಲೆ ನಾನು ಕಿರುಚಿದೆ. “ಯಾರು ಹೇಳಿದ್ರು ನಿನಗ? ಅಟ್ಟದಾಗ ಇರತಿತ್ತಲ್ಲ!”

“ಅಟ್ಟದಾಗಿದ್ರ ನಾ ಹತ್ತತಿದ್ದೆ,” ಎಂದ. ಅಂಗೈಗೆ ಅಂಟಿದ ಬಿದಿರಿನ ಹುಡಿ ಉಜ್ಜುತ್ತಾ ಕುಳಿತಿದ್ದ. “ಅದು ಮಾಡಿದ ಕೋಲವ್ವಾ. ಈ ಹುಡುಗ ಹುಟ್ಟಿದ್ದ ಹಂಗ. ಹುಡುಕಿದ್ರ ಇಂಥಾಂವ ಸಿಗೂದಿಲ್ಲ.”

ಖರೇ ಹೇಳಬೇಕೆಂದರೆ ಅವನ ತೀರ್ಪು ತಪ್ಪಾಗಲಿಲ್ಲ. ನಮ್ಮ ಮನೆಯವರು ನನ್ನ ಬಾಯಿಗೆ ದಿನಾ ಬಾಗುತ್ತಾರೆ, ಬುಡ ಅಲುಗಿದ್ದನ್ನು ನಾನು ಕಂಡಿಲ್ಲ.

ಕಾಕಾ ಇರುವವರೆಗೂ ವರ್ಷಕ್ಕೊಮ್ಮೆ ಗಜೇಂದ್ರಗಡಕ್ಕೆ ಬರುತ್ತಿದ್ದ. ಉಂಡು, ಅಂಗಳದಲ್ಲಿ ನಿಲ್ಲುತ್ತಿದ್ದ. ಅವನ ಬಲಗೈ ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಹೋಗಿ, ಒಂದು ಕ್ಷಣ ತಡೆದು, ಮುಂದಕ್ಕೆ ಬೀಸುತ್ತಿತ್ತು. ಕೈ ಖಾಲಿ. ಅಡುಗೆಮನೆಯ ಕಿಂಡಿಯಿಂದ ನೋಡುತ್ತಾ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ನಾನು ಒಂದು ಸಲವೂ ಹೊರಗೆ ಹೋಗಲಿಲ್ಲ. ಅಂಗಳದ ಆಚೆ ತುದಿಯಲ್ಲಿ ಒಂದು ತಂಬಿಗೆ ಇಟ್ಟು ಬರುತ್ತಿದ್ದವರು ನಮ್ಮ ಮನೆಯವರು.

ಸಿಟ್ಟು ಇಳಿದ ಮೇಲೆ ‘ಅವರು’ ಅನ್ನುತ್ತೇನೆ ಎಂದೆನಲ್ಲ? ಇಳಿಯುವುದಿಲ್ಲ. ಕೊಯ್ಯೆಂದು ನಿನಗೆ ಯಾರು ಹೇಳಿದ್ದರೋ, ಕಾಕಾ?